ಹಿಂದಲ ಹಲ್ಲು

ನಾನು ಸೊಸೆಯಾಗಿ ಈ ಊರಿಗೆ ಬಂದಾಗ ನನ್ನ ಬಾಯಲ್ಲಿ ಇಪ್ಪತ್ತೆಂಟು ಹಲ್ಲುಗಳಿದ್ದವು. ಇಪ್ಪತ್ತೆಂಟೂ ಮೂಕ. ಅವು ಮೂಕ ಎಂದು ನನಗೆ ಗೊತ್ತಾದದ್ದೇ ಇಲ್ಲಿಗೆ ಬಂದ ಮೇಲೆ. ಅದುವರೆಗೆ ಹಲ್ಲು ಅಂದರೆ ಅಗಿಯುವುದಕ್ಕೆ, ನಗುವುದಕ್ಕೆ, ನಮ್ಮಪ್ಪನಂಥ ದರ್ಜಿಗಳಿಗಾದರೆ ದಾರ ಕಡಿಯುವುದಕ್ಕೆ ಇರುವ ವಸ್ತು ಎಂದುಕೊಂಡು ಹತ್ತೊಂಬತ್ತು ವರ್ಷ ಹಾಯಾಗಿ ಬದುಕಿದ್ದೆ.

ಮದುವೆಯಾದ ಮೂರನೆಯ ದಿನ ಬೀದಿಯ ಹೆಂಗಸರು ನನ್ನನ್ನು ನೋಡಲು ಬಂದರು. ಸೀರೆ ಮುಟ್ಟಿ ನೋಡಿದರು, ಜಡೆ ಎತ್ತಿ ನೋಡಿದರು. ಆಮೇಲೆ ಎದುರುಮನೆಯ ದೇವೀರಮ್ಮ ನನ್ನ ಗಲ್ಲ ಹಿಡಿದು, "ಬಾಯಾಗೆ ಯಾರ್‍ಯಾರವ್ರೆ ಮಗಾ?" ಎಂದು ಕೇಳಿದರು. ನಾನು ಗಾಬರಿಯಿಂದ ಬಾಯಲ್ಲಿದ್ದ ಚಕ್ಕುಲಿಯನ್ನು ಹಾಗೆಯೇ ನುಂಗಿ, "ಯಾರೂ ಇಲ್ಲ" ಅಂದೆ. ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆಯಂತೂ ಅಯ್ಯೋ ಪಾಪ ಎಂದೇಬಿಟ್ಟರು. ಆಗ ನಮ್ಮತ್ತೆ ಹೊನ್ನಾಜಮ್ಮ ಒಳಗಿಂದ ಕಾಫಿ ಲೋಟಗಳನ್ನು ತಂದಿಟ್ಟು, "ಅವಳ ಊರಾಗೆ ಹಂಗೇ ಕಣ್ರಮ್ಮ. ಹಲ್ಲು ಬರ್ತವೆ, ಸುಮ್ಕೆ ಇರ್ತವೆ. ಅದ್ಕೇನೀಗ? ಕಾಫಿ ಆರೋಯ್ತದೆ, ಕುಡೀರಿ" ಎಂದು ಮಾತು ಮುಗಿಸಿದರು. ಆ ಒಂದು ಮಾತಿಗೆ ನಾನು ಅವರಿಗೆ ಸೋತುಹೋದೆ.

ಇಲ್ಲಿ ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಮೊಳೆಯುವ ದಿನಗಳಲ್ಲಿ, ಮನೆಯಲ್ಲಿ ಆಡಿದ ಯಾವುದೋ ಒಂದು ಮಾತು, ಆಡಿದವರ ದನಿಯಲ್ಲೇ, ಆ ಹಲ್ಲಿನೊಳಗೆ ಸೇರಿಕೊಳ್ಳುತ್ತದೆ. ಉಗುರಿನಿಂದ ಟಕ್ಕೆಂದು ತಟ್ಟಿದರೆ ಹಲ್ಲಿನ ಒಡೆಯರಿಗೆ ಮಾತ್ರ ಕೇಳಿಸುತ್ತದೆ. ಮಾತಾಡಿದವರು ಸತ್ತರೂ ಹಲ್ಲಿರುವ ತನಕ ದನಿ ಇರುತ್ತದೆ. ಹಲ್ಲು ಹೋಯಿತೋ, ದನಿಯೂ ಹೋಯಿತು. ಅದಕ್ಕೇ ಯಾವುದಾದರೂ ಮನೆಯ ಬಾಗಿಲಿಗೆ ಹಳದಿ ಬಟ್ಟೆಯ ಚೂರು ಕಟ್ಟಿದ್ದರೆ ಒಳಗೆ ಯಾರಿಗೋ ಹಲ್ಲು ಬರುತ್ತಿದೆ ಎಂದು ಅರ್ಥ. ಆ ಬಾಗಿಲ ಮುಂದೆ ಯಾರೂ ಜಗಳ ಕಾಯುವುದಿಲ್ಲ. ಸೊಪ್ಪಿನವಳು ಕೂಗು ನಿಲ್ಲಿಸಿ ಕೈಸನ್ನೆಯಲ್ಲಿ ವ್ಯಾಪಾರ ಮಾಡುತ್ತಾಳೆ. ಸೋದರಮಾವಂದಿರು ಬಸ್ಸು ಹಿಡಿದು ಬಂದು, ಆರು ವರ್ಷದ ಮಗುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಜಾಣ, ಬಂಗಾರ, ಮುದ್ದು ಎಂದು ಗಂಟೆಗಟ್ಟಲೆ ಹೇಳುತ್ತಾರೆ. ಇಷ್ಟೆಲ್ಲ ಮಾಡಿದರೂ ಹಲ್ಲು ತನಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತದೆ. ನನ್ನ ಗಂಡ ಮರಿಸ್ವಾಮಿ ಹುಟ್ಟಿ ಬೆಳೆದದ್ದು ಮನೆಯವರೇ ನಡೆಸುತ್ತಿದ್ದ ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ. ಅವರ ಬಾಯಲ್ಲಿ ನಾಲ್ಕು ಹಲ್ಲು ಬರೀ ಟುಕುಟುಕು ಅನ್ನುತ್ತವೆ. ಐದನೆಯದರಲ್ಲಿ ಯಾರೋ ಗಿರಾಕಿ ನುಣ್ಣಗೆ ಬೀಸಪ್ಪಾ ಅನ್ನುತ್ತಾನೆ. ಆತ ಯಾರು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮಪ್ಪ ಅಡವೀಶಪ್ಪ ನನ್ನ ಮದುವೆಗೆ ಆರು ತಿಂಗಳು ಮೊದಲು ತೀರಿಕೊಂಡಿದ್ದರು. ಅವರು ಮೂವತ್ತು ವರ್ಷ ದಾರವನ್ನು ಹಲ್ಲಿನಲ್ಲೇ ಕಡಿದು ಕಡಿದು ಮುಂದಿನ ಹಲ್ಲಿಗೆ ಕಚ್ಚು ಬಿದ್ದಿತ್ತು. ಒಂದು ದಿನ ಅದು ಮುರಿದುಬಿತ್ತು. ಅಂದಿನಿಂದ ಅವರಿಗೆ ನನ್ನ ಹಲ್ಲಿನ ಮೇಲೆ ಎಲ್ಲಿಲ್ಲದ ಕಾಳಜಿ. ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಪಕ್ಕದಲ್ಲಿ ನಿಂತು ಉಜ್ಜಿಸುತ್ತಿದ್ದರು. ಹಲ್ಲಿನ ಸಂದಿಗೆ ಮೇಣ ಸವರಿದ ದಾರ ಹಾಕಿ ಎಳೆಯುವುದನ್ನು ಕಲಿಸಿದವರೂ ಅವರೇ. ಗುಂಡಿಯ ಕಾಜಾ ಹೊಲಿಯುವ ದಾರ ಅದು. ನನ್ನ ತವರಿನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಆ ದಾರದ ಉಂಡೆಯೊಂದು, ಮೆತ್ತನೆಯ ಬ್ರಷ್ಷೊಂದು, ನಾಲಗೆ ಕೆರೆಯುವ ತಾಮ್ರದ ಪಟ್ಟಿಯೊಂದು ಬಂದಿದ್ದವು. ಅಪ್ಪನ ದನಿ ಮಾತ್ರ ಬಂದಿರಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಕನ್ನಡಿಯ ಮುಂದೆ ನಿಂತು ಒಂದೊಂದೇ ಹಲ್ಲು ತಟ್ಟಿ ನೋಡುತ್ತಿದ್ದೆ. ಟಕ್ ಎಂದರೆ ಟಕ್, ಅಷ್ಟೇ. ಇಡೀ ಊರಿಗೆ ಸಿಕ್ಕಿದ್ದು ನನಗೊಬ್ಬಳಿಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಇಷ್ಟು ದೊಡ್ಡ ವರ ಪಡೆದ ಊರು ಹಲ್ಲನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳಬೇಕು ಹೇಳಿ. ಇಲ್ಲ. ಇವರದು ಬೇಕಾದವರ ಹಲ್ಲಿಗೆ ಸೇವೆ, ಬೇಡದವರ ಹಲ್ಲಿಗೆ ಶಿಕ್ಷೆ. ಪೋಸ್ಟ್ ಮಾಸ್ತರರ ಎದುರಿನ ಎರಡು ಹಲ್ಲಲ್ಲಿ ಒಂದು ಮಲ್ಲಿಗೆ ಮೊಗ್ಗು, ಇನ್ನೊಂದು ಇದ್ದಿಲು. ಬಿಳಿಯದು ಅವರ ಅಜ್ಜಿ, ಕರಿಯದು ಅವರಪ್ಪ. ಅಪ್ಪ ಇವರಿಗೆ ಏನು ಅಂದಿದ್ದರೋ, ನಲವತ್ತು ವರ್ಷದಿಂದ ಆ ಹಲ್ಲಿಗೆ ನೀರು ಕೂಡ ಸೋಕಿಸಿರಲಿಲ್ಲ. ಒಬ್ಬರು ನಕ್ಕರೆ ಸಾಕು, ಅವರ ಮನೆಯ ಇತಿಹಾಸವೆಲ್ಲ ಬೀದಿಗೆ ಬೀಳುತ್ತಿತ್ತು.

ನಮ್ಮತ್ತೆಯದೂ ಇದೇ ಕಥೆ. ಬೆಳಿಗ್ಗೆ ಎದ್ದವರೇ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದರು. ಅಂಗೈಯಲ್ಲಿ ಇಟ್ಟಿಗೆ ಪುಡಿ, ಉಪ್ಪು. ಎಡಗಡೆ ಕೆಳಗಿನ ಸಾಲಿನಲ್ಲಿ, ಕೊನೆಯದಕ್ಕಿಂತ ಒಂದು ಮುಂಚಿನ ದವಡೆ ಹಲ್ಲನ್ನು ಹಿತ್ತಾಳೆ ಚೊಂಬು ಬೆಳಗುವ ಹಾಗೆ ತಿಕ್ಕುತ್ತಿದ್ದರು. ಆಮೇಲೆ ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ, ಉಗುರಿನಿಂದ ಆ ಹಲ್ಲನ್ನು ತಟ್ಟುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು. ಐವತ್ತೈದು ವರ್ಷದ ಹೆಂಗಸು ಹನ್ನೆರಡರ ಹುಡುಗಿಯಾಗಿಬಿಡುತ್ತಿದ್ದರು.

"ನಮ್ಮವ್ವ ಕಣೆ," ಎಂದು ಒಂದು ದಿನ ನಾನು ಕೇಳದೆಯೇ ಹೇಳಿದರು. "ಈ ಹಲ್ಲು ಬಂದ ವರ್ಷವೇ ತೀರ್ಕೊಂಡ್ಳು. 'ಹೊನ್ನೀ, ಮುದ್ದೆ ಆರೋಯ್ತದೆ ಬಾರೆ' ಅಂತಾಳೆ. ದಿನಾ ಕರೀತಾಳೆ. ಒಂದಿನ ತಪ್ಪಿಸಿಲ್ಲ."

"ಮತ್ತೆ ಅದರ ಹಿಂದಿನ ಹಲ್ಲು?" ಎಂದು ಕೇಳಿದೆ. ಅದನ್ನು ಅವರು ಮುಟ್ಟಿದ್ದನ್ನು ನಾನು ನೋಡಿರಲೇ ಇಲ್ಲ.

ಅತ್ತೆಯ ಮುಖ ಗಂಟಾಯಿತು. "ಅದಾ? ಅದು ಕೆಂಚಮ್ಮ. ನಮ್ಮತ್ತೆ. ಮದ್ವೆ ಆಗಿ ಬಂದ ವರ್ಷ ಬಂದ ಹಲ್ಲು. ಬದುಕಿದ್ದಾಗ ಬೈದಿದ್ದು ಸಾಲ್ದೇನೋ ಅಂತ ಬಾಯೊಳಗೂ ಬಂದು ಕುಂತವ್ಳೆ. ನಾನು ಆ ಕಡೆ ತಿರುಗೂ ನೋಡಲ್ಲ."

ನನ್ನ ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಅತ್ತೆ ಊಟವನ್ನು ಬಲಗಡೆಗೇ ತಳ್ಳಿಕೊಂಡು ಅಗಿಯತೊಡಗಿದರು. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದರು. ಲವಂಗ ಕಚ್ಚಿಕೊಂಡು ಓಡಾಡಿದರು. ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಮೇಲೆ ಕೂತವರು ಹಲ್ಲು ತಟ್ಟಿದರು, ಮತ್ತೆ ತಟ್ಟಿದರು, ಮೂರನೆಯ ಸಲ ತಟ್ಟಿದರು. ಆಮೇಲೆ ನನ್ನನ್ನು ಕೂಗಿದರು. ಆ ಕೂಗಿಗೆ ನಾನು ಒಲೆಯ ಮೇಲಿನ ಹಾಲನ್ನೂ ಮರೆತು ಓಡಿದೆ.

"ನೀಲವ್ವ, ನಮ್ಮವ್ವನ ದನಿ ಸರ್‍ಯಾಗಿ ಬರ್ತಿಲ್ಲ ಕಣೆ. ಕಂಬಳಿ ಹೊದ್ಕೊಂಡು ಮಾತಾಡ್ದಂಗೆ ಐತೆ. ಹೊನ್ನೀ ಅನ್ನೋದು ಕೇಳ್ತದೆ. ಮುಂದುಕ್ಕೆ ಏನೂ ಇಲ್ಲ."

ನಾನು ಅವರನ್ನು ಬಿಸಿಲಿಗೆ ಕೂರಿಸಿ, ಬಾಯಿ ತೆರೆಸಿ, ನನ್ನ ಪುಟ್ಟ ಕನ್ನಡಿ ಹಿಡಿದು ನೋಡಿದೆ. ಅವ್ವನ ಹಲ್ಲಿನ ಮೇಲ್ಭಾಗ ಫಳಫಳ ಹೊಳೆಯುತ್ತಿತ್ತು. ಬುಡದಲ್ಲಿ ಮಾತ್ರ ಇಟ್ಟಿಗೆ ಪುಡಿ ತಿಕ್ಕಿ ತಿಕ್ಕಿ ಸವೆದು ಗೀರು ಬಿದ್ದಿತ್ತು, ವಸಡು ಹಿಂದೆ ಸರಿದಿತ್ತು. ಅದರ ಹಿಂದೆ ಕೆಂಚಮ್ಮನ ಹಲ್ಲು ಹಳದಿ ಕಿಟ್ಟ ಕಟ್ಟಿಕೊಂಡು, ನಡುವೆ ಕುಳಿ ಬಿದ್ದು, ಕರ್‍ರಗೆ ಕೂತಿತ್ತು. ಎರಡರ ಸಂದಿಗೆ ನನ್ನ ದಾರ ಹಾಕಿ ಎಳೆದೆ. ಬಂದ ವಾಸನೆಗೆ ನಾನೇ ಮುಖ ತಿರುಗಿಸಿಕೊಂಡೆ.

"ಅತ್ತೆ, ಹುಳುಕು ಶುರುವಾಗಿರೋದು ಹಿಂದಿನ ಹಲ್ಲಲ್ಲಿ. ನೀವು ಅದನ್ನ ತೊಳೀಲೇ ಇಲ್ಲ. ಅಲ್ಲಿಂದ ಮುಂದಿನದಕ್ಕೆ ಹತ್ತಿದೆ" ಎಂದೆ.

ಅತ್ತೆ ಎದೆ ಬಡಿದುಕೊಂಡರು. "ಸತ್ತು ಇಪ್ಪತ್ತು ವರ್ಷ ಆಗೈತೆ, ಈಗ ನಮ್ಮವ್ವನ ಮೇಲೆ ಬಿದ್ಳಾ ಆಯಮ್ಮ!"

ಅಂದೇ ಹಲ್ಲಿನ ಡಾಕ್ಟರು ಬುಡನ್ ಸಾಬರ ಹತ್ತಿರ ಹೋದೆವು. ಅವರು ಯಾರ ಹಲ್ಲು ಮುಟ್ಟುವ ಮುಂಚೆಯೂ ಒಂದು ಮಾತು ಕೇಳುತ್ತಿದ್ದರು. ಅತ್ತೆಯನ್ನೂ ಕೇಳಿದರು: "ಒಳಗೆ ಯಾರಿದಾರೆ ತಾಯಿ?" ಅತ್ತೆ ಹೇಳಿದರು. ಸಾಬರು ಬಹಳ ಹೊತ್ತು ನೋಡಿ, ಕೈ ತೊಳೆದುಕೊಂಡು ಕೂತರು. "ಹಿಂದಿನದು ಉಳಿಯಲ್ಲ. ಅದನ್ನ ತೆಗೆದು, ಮುಂದಿನದಕ್ಕೆ ಬೆಳ್ಳಿ ತುಂಬಿದ್ರೆ ನಿಮ್ಮವ್ವ ಉಳೀತಾರೆ. ಆದ್ರೆ ಇವತ್ತೇ ಆಗಲ್ಲ. ವಸಡೆಲ್ಲ ಊದಿದೆ, ಮುಟ್ಟಿದ್ರೆ ರಕ್ತ. ಒಂದು ತಿಂಗಳು ಬಾಯಿ ಚೊಕ್ಕ ಮಾಡ್ಕೊಂಡು ಬನ್ನಿ. ಎಲ್ಲಾ ಹಲ್ಲೂ ಉಜ್ಜಬೇಕು. ಕೆಂಚಮ್ಮೋರದ್ದೂ ಸೇರಿ."

"ಕೀಳೋ ಹಲ್ಲಿಗೆ ಯಾಕೆ ಸಾಬ್ರೆ ಉಪಚಾರ?"

"ಅದು ಗಲೀಜಾಗಿರೋ ತನಕ ಅವ್ವನ ಹಲ್ಲಿಗೂ ಗಲೀಜು ತಾಯಿ. ಬಾಯಿ ಒಂದೇ ಅಲ್ವಾ" ಎಂದರು ಸಾಬರು.

ಮನೆಗೆ ಬಂದ ಮೇಲೆ ಅತ್ತೆ ಕಂಬಕ್ಕೆ ಒರಗಿ ಕೂತು, "ಬ್ರಷ್ಷು ತಾಕಿದ್ರೂ ಆಯಮ್ಮ ಮಾತಾಡ್ತಾಳೆ ನೀಲವ್ವ. ನನ್ ಕೈಲಾಗಲ್ಲ" ಎಂದರು. ನನಗೆ ಎಲ್ಲಿತ್ತೋ ಧೈರ್ಯ. "ನಿಮಗೆ ನಿಮ್ಮವ್ವ ಬೇಕೋ, ಅತ್ತೆ ಮೇಲಿನ ಸಿಟ್ಟು ಬೇಕೋ?" ಎಂದುಬಿಟ್ಟೆ. ಹೊಸ ಸೊಸೆ ಆಡುವ ಮಾತಲ್ಲ ಅದು. ಅತ್ತೆ ನನ್ನನ್ನು ದುರುಗುಟ್ಟಿ ನೋಡಿ ಒಳಗೆ ಹೋದರು. ಆ ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತರು, ಅಥವಾ ಮರೆತಂತೆ ಮಾಡಿದರು.

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದಾಗ ಅವರು ಆಗಲೇ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಇಟ್ಟಿಗೆ ಪುಡಿಯ ಡಬ್ಬಿ ತಿಪ್ಪೆಯಲ್ಲಿ ಬಿದ್ದಿತ್ತು. "ತೋರ್‍ಸು," ಎಂದರು, ಮುಖ ಕೊಡದೆ.

ನಮ್ಮಪ್ಪ ನನಗೆ ಹೇಗೆ ಕಲಿಸಿದ್ದರೋ ಹಾಗೆಯೇ ನಾನು ಅವರಿಗೆ ಕಲಿಸಿದೆ. ಹೊಸ ಬ್ರಷ್ಷು, ಕೂದಲು ಮೆತ್ತಗಿರುವಂಥದ್ದು. ಅದರ ಮೇಲೆ ಕಡಲೆಕಾಳಿನಷ್ಟು ಪೇಸ್ಟು, ಹೆಚ್ಚು ಬೇಡ. ಬ್ರಷ್ಷನ್ನು ವಸಡಿನ ಕಡೆ ಓರೆಯಾಗಿ ಹಿಡಿದು, ಪುಟ್ಟ ಪುಟ್ಟ ಸುತ್ತು ಸುತ್ತಿಸಬೇಕು. ಹೊರಗೆ, ಒಳಗೆ, ಅಗಿಯುವ ಮೇಲ್ಭಾಗ. ಗರಗಸ ಎಳೆದಂತೆ ಎಳೆಯಬಾರದು. ನಮ್ಮೂರಿನಲ್ಲಿ ಅಪ್ಪ ಅಂಗಡಿಯ ಗಡಿಯಾರ ನೋಡಿಕೊಂಡು ಎರಡು ನಿಮಿಷ ಉಜ್ಜಿಸುತ್ತಿದ್ದರು. ಇಲ್ಲಿ ಹಿತ್ತಲಲ್ಲಿ ಗಡಿಯಾರ ಎಲ್ಲಿ ತರುವುದು? ಬಚ್ಚಲ ನಲ್ಲಿಯ ಸಣ್ಣ ಧಾರೆಗೆ ಚೊಂಬಿಟ್ಟು, ಅದು ತುಂಬುವ ತನಕ ಉಜ್ಜಬೇಕು ಎಂದು ಗೊತ್ತು ಮಾಡಿದೆವು. ರಾತ್ರಿ ಊಟವಾದ ಮೇಲೆ ಇನ್ನೊಂದು ಸಲ, ಅದಾದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವಂತಿಲ್ಲ. ಮಲಗುವ ಮುಂಚೆ ಒಂದು ತುಂಡು ಬೆಲ್ಲ ಚೀಪುವುದು ಅತ್ತೆಯ ಅಭ್ಯಾಸ. ಅದನ್ನು ಬಿಡಿಸಲು ನನಗೆ ಸಾಕುಸಾಕಾಯಿತು. ದಿನಕ್ಕೊಮ್ಮೆ ಮೇಣದ ದಾರ, ಬೆಳಿಗ್ಗೆ ನಾಲಗೆಗೆ ತಾಮ್ರದ ಪಟ್ಟಿ, ಏನು ತಿಂದರೂ ಒಂದು ಬಾಯಿ ನೀರು ಮುಕ್ಕಳಿಸುವುದು. ನಾನು ಪಕ್ಕದಲ್ಲಿ ನನ್ನ ಬ್ರಷ್ಷು ಹಿಡಿದು ಕೂತರೆ, ಅವರು ನನ್ನನ್ನು ನೋಡಿಕೊಂಡು ಮಾಡುತ್ತಿದ್ದರು.

ಮೊದಲ ದಿನ ಬ್ರಷ್ಷು ಕೊನೆಯ ಹಲ್ಲಿಗೆ ತಾಕಿದ ಕೂಡಲೇ ಅತ್ತೆ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು. "ಶುರು ಮಾಡಿದ್ಳು!" ಎಂದರು. ಕೆಂಚಮ್ಮ ಹೇಳುತ್ತಿದ್ದುದು ಇಷ್ಟೇ: 'ಇನ್ನೂ ಎದ್ದಿಲ್ವೇನೆ? ಹೊತ್ತು ನೆತ್ತಿಗೆ ಬಂತು!' ಆ ಮಾತಿಗೆ ನಮ್ಮತ್ತೆ ಐವತ್ತೈದನೆಯ ವಯಸ್ಸಿನಲ್ಲಿ, ಎದ್ದು, ಕೂತು, ಹಲ್ಲುಜ್ಜುತ್ತ ಇರುವಾಗಲೂ, ಸೆರಗು ಸರಿಮಾಡಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ನೊರೆಯೆಲ್ಲ ಸೀರೆಯ ಮೇಲೆ ಬಿತ್ತು. ಅತ್ತೆ ಸಿಟ್ಟಿನಿಂದ ನೋಡಿದರು, ಆಮೇಲೆ ಅವರೂ ನಕ್ಕರು.

ಎರಡನೆಯ ವಾರಕ್ಕೆ ವಸಡಿನ ಊತ ಇಳಿಯಿತು. ರಕ್ತ ನಿಂತಿತು. ಕೆಂಚಮ್ಮನ ಹಲ್ಲಿನ ಕಿಟ್ಟ ಚೂರುಚೂರೇ ಬಿಟ್ಟಿತು. ಒಂದು ಬೆಳಿಗ್ಗೆ ಅತ್ತೆ ಉಜ್ಜುವುದನ್ನು ನಿಲ್ಲಿಸಿ, ಆ ಕೊನೆಯ ಹಲ್ಲನ್ನು ತಾವಾಗಿಯೇ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ನೀಲವ್ವ, ಆಯಮ್ಮನ ದನಿ ಎಷ್ಟು ಎಳೇದು ಕಣೆ! ನನ್ ತಲೆಯಾಗೆ ಮುದುಕಿ ಕುಂತಿದ್ಳು. ಲೆಕ್ಕ ಹಾಕಿದ್ರೆ ಆಗ ಆಯಮ್ಮಂಗೆ ನಲವತ್ತೂ ಆಗಿರ್ಲಿಲ್ಲ. ಈಗಿನ ನನಗಿಂತ ಹದಿನೈದು ವರ್ಷ ಚಿಕ್ಕೋಳು." ಬ್ರಷ್ಷನ್ನು ಚೊಂಬಿನ ನೀರಿಗೆ ಅದ್ದಿ ಮತ್ತೆ ಹೇಳಿದರು: "ಬೈದಾದ ಮೇಲೆ ಕೆಮ್ಮುತಾಳೆ. ಒಣ ಕೆಮ್ಮು. ಗಿರಣಿ ಹಿಟ್ಟಿನ ಧೂಳು ಕುಡಿದು ಕುಡಿದು ಬಂದಿದ್ದು. ಆ ಕೆಮ್ಮು ನನಗೆ ಮರ್‍ತೇ ಹೋಗಿತ್ತು."

ಬೈಗುಳ ಬೈಗುಳವೇ. ಅದೇನೂ ಬದಲಾಗಲಿಲ್ಲ. ಆದರೆ ಅಲ್ಲಿಂದಾಚೆಗೆ ಅತ್ತೆ ಆ ಹಲ್ಲಿನ ಹತ್ತಿರ ಬಂದಾಗ ಬ್ರಷ್ಷಿನ ವೇಗ ತಾನಾಗಿ ಕಮ್ಮಿಯಾಗುತ್ತಿತ್ತು. ದಿನಕ್ಕೊಂದು ಹಳೆಯ ಮಾತು ಹೊರಗೆ ಬರುತ್ತಿತ್ತು. ಕೆಂಚಮ್ಮ ನಸುಕಿಗೇ ಎದ್ದು ಒಬ್ಬರೇ ಗಿರಣಿಯ ಮೂಟೆ ಇಳಿಸುತ್ತಿದ್ದುದು, ಮೈಮೇಲೆಲ್ಲ ಹಿಟ್ಟು ಮೆತ್ತಿಕೊಂಡು ರೆಪ್ಪೆ ಕೂಡ ಬೆಳ್ಳಗೆ ಕಾಣುತ್ತಿದ್ದುದು, ಸೊಸೆಯ ಮೊದಲ ಬಾಣಂತನದಲ್ಲಿ ಬಾಯಿ ಬಿಡದೆ ಮೂರು ತಿಂಗಳು ನೀರು ಕಾಯಿಸಿ ಹಾಕಿದ್ದು. ಹಾಗೆಂದು ಅತ್ತೆ ಅವರನ್ನು ದೇವರು ಮಾಡಲಿಲ್ಲ. "ಕೆಟ್ಟ ಬಾಯಿ ಆಯಮ್ಮಂದು, ಸುಳ್ಳು ಯಾಕೆ ಹೇಳ್ಲಿ" ಎಂದು ಕೊನೆಗೊಂದು ಸೇರಿಸುತ್ತಿದ್ದರು.

ಅದೇ ದಿನಗಳಲ್ಲಿ ನನಗೆ ಎಡಗಡೆ ದವಡೆಯ ಕೊನೆಯಲ್ಲಿ ವಸಡು ಬಿಗಿಯತೊಡಗಿತು. ಬೆರಳಿಟ್ಟು ನೋಡಿದರೆ ಗಟ್ಟಿಯಾಗಿ ಏನೋ ಎದ್ದಿತ್ತು. ಇಪ್ಪತ್ತೆಂಟು ಮೂಕ ಹಲ್ಲುಗಳ ಹಿಂದೆ ಒಂದು ಹಲ್ಲು ಈ ಊರಿನಲ್ಲಿ ಬರುತ್ತಿತ್ತು. ನಾನು ಅವತ್ತೇ ಅತ್ತೆಗೆ ಹೇಳಿದೆ.

ಅತ್ತೆ ಹಿಡಿದಿದ್ದ ಮೊರವನ್ನು ಕೆಳಗಿಟ್ಟರು. "ಹೇಳಿದ್ಯಲ್ಲ, ಒಳ್ಳೇದಾಯ್ತು" ಎಂದರು. ಆಮೇಲೆ ಕಣ್ಣು ತುಂಬಿಕೊಂಡು, ತಮ್ಮಷ್ಟಕ್ಕೆ ಹೇಳಿಕೊಂಡಂತೆ ಹೇಳಿದರು: "ನಾನು ಹೇಳ್ಲೇ ಇಲ್ಲ ಕಣೆ. ನನ್ ಹಲ್ಲು ಬರೋವಾಗ ಆಯಮ್ಮಂಗೆ ಹೇಳೋಕೆ ಹೆದ್ರಿಕೆ. ಬಾಯಿ ಮುಚ್ಕೊಂಡೇ ಇದ್ದೆ. ಬಾಗ್ಲಿಗೆ ಹಳದಿ ಬಟ್ಟೆ ಕಟ್ಟಲಿಲ್ಲ. ಗೊತ್ತಿದ್ರೆ ಆಯಮ್ಮನೂ ಒಂದು ಒಳ್ಳೆ ಮಾತು ಆಡ್ತಿದ್ಳೋ ಏನೋ. ಹಲ್ಲು ಬಂದ ಮೇಲೆ ಕೇಳಿದ್ಳು, ಯಾರವ್ರೆ ಅಂತ. ನೀವೇ ಅಂದೆ. ಏನಂತೀನಿ ಅಂತ ಕೇಳಿದ್ಳು. ಹೇಳಿದೆ. ಆವತ್ತು ಆಯಮ್ಮ ಊಟ ಮಾಡ್ಲಿಲ್ಲ." ಅವರು ಸೆರಗಿನಿಂದ ಮೂಗೊರೆಸಿಕೊಂಡು ಎದ್ದು, ಹಳದಿ ಬಟ್ಟೆ ಹುಡುಕಲು ಹೋದರು.

ಬಟ್ಟೆ ಕಟ್ಟಿದ ಮೇಲೆ ನಮ್ಮ ಮನೆಯ ಗತಿ ಕೇಳಬೇಡಿ. ಗಂಡ ನನ್ನ ಮುಂದೆ ನಿಂತು ಏನು ಹೇಳಬೇಕೋ ತೋಚದೆ, "ಚೆನ್ನಾಗಿದ್ದೀಯಾ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ದೇವೀರಮ್ಮ ಸುಮ್ಮಸುಮ್ಮನೆ ಬಂದು ನನ್ನ ರೂಪ ಹೊಗಳಿ ಹೋಗುತ್ತಿದ್ದರು. ಅತ್ತೆಯಂತೂ ಒಂದು ಮಾತನ್ನು ಕಟ್ಟಿ, ಬಾಯಿಪಾಠ ಮಾಡಿಕೊಂಡಿದ್ದರು. 'ತಣ್ಣಗಿರು ಮಗಳೇ, ನಿನ್ನ ಬಾಳು ಹಸನಾಗಲಿ.' ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನನ್ನ ಎಡಗೆನ್ನೆಯ ಹತ್ತಿರ ಬಂದು, ಶಾಲೆಯ ಮಗು ಪದ್ಯ ಒಪ್ಪಿಸುವ ಹಾಗೆ ಅದನ್ನು ಒಪ್ಪಿಸುತ್ತಿದ್ದರು. ನಡುವೆ ಹಿತ್ತಲಿನಲ್ಲಿ ನಮ್ಮ ಉಜ್ಜುವ ಕೆಲಸ ಎಂದಿನಂತೆ ನಡೆಯುತ್ತಿತ್ತು. ಈಗ ಪಾಠ ತಿರುಗುಮುರುಗಾಗಿತ್ತು. ವಸಡು ನೋಯುತ್ತದೆಂದು ನಾನು ಎಡಗಡೆ ಬ್ರಷ್ಷು ಹಾಕದೆ ಬಿಟ್ಟರೆ ಅತ್ತೆ ಗದರುತ್ತಿದ್ದರು.

ತಿಂಗಳು ತುಂಬಿತು. ಬುಡನ್ ಸಾಬರು ಬಾಯಿ ನೋಡಿ, "ಭೇಷ್" ಎಂದು ಸೂಜಿ ಮದ್ದು ತಯಾರು ಮಾಡತೊಡಗಿದರು. ಆಗ ಅತ್ತೆ ಅವರ ಕೈ ಹಿಡಿದುಕೊಂಡರು.

"ಸಾಬ್ರೆ, ಹಿಂದಲದ್ದನ್ನೂ ಉಳ್ಸಕ್ಕಾಗಲ್ವಾ?"

ನಾನು ಬೆರಗಾಗಿ ಅವರನ್ನು ನೋಡಿದೆ. ಸಾಬರಿಗೆ ಆಶ್ಚರ್ಯವಾಗಲಿಲ್ಲ. ಅವರು ಇಂಥದ್ದನ್ನು ಎಷ್ಟು ಕಂಡಿದ್ದರೋ. "ಬೇರು ತನಕ ತಿಂದುಹಾಕಿದೆ ತಾಯಿ. ಉಳಿಸಿಕೊಂಡ್ರೆ ನಿಮ್ಮವ್ವನೂ ಹೋಗ್ತಾರೆ. ಮೂವತ್ತು ವರ್ಷ ಹಿಂದೆ ಹಿಂಗೇ ಉಜ್ಜಿದ್ದಿದ್ರೆ ಇಬ್ಬರೂ ಇರ್ತಿದ್ರು" ಎಂದು ಮೆತ್ತಗೆ ಹೇಳಿದರು. ಆಮೇಲೆ ಎಂದಿನ ಪದ್ಧತಿಯಂತೆ ನನ್ನನ್ನು ಕರೆದುಕೊಂಡು ಬಾಗಿಲ ಹೊರಗೆ ಬಂದು ನಿಂತರು. ಕೀಳುವ ಮುಂಚೆ ಒಡೆಯರಿಗೂ ಹಲ್ಲಿಗೂ ಒಂದಿಷ್ಟು ಹೊತ್ತು ಬಿಡುವುದು ಅವರ ಕ್ರಮ. ಒಳಗಿಂದ ಟಕ್ ಎಂದು ಉಗುರಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಅತ್ತೆಯ ದನಿ, ತಗ್ಗಿದ ದನಿ. "ಎದ್ದಿದೀನಿ ಕಣತ್ತೆ. ಆಗ್ಲೇ ಎದ್ದಿದೀನಿ. ನೀವಿನ್ನು ಮಲಗಿ."

ಹಿಂದಲ ಹಲ್ಲು ಕಿತ್ತು ಬಂತು. ಅವ್ವನ ಹಲ್ಲಿಗೆ ಬೆಳ್ಳಿ ಕೂತಿತು. ವಾರ ಕಳೆದ ಮೇಲೆ ಸಾಬರು ತಟ್ಟಲು ಅಪ್ಪಣೆ ಕೊಟ್ಟಾಗ ಹೊನ್ನೀ ಎಂಬುದರಿಂದ ಬಾರೆ ಎಂಬುದರ ತನಕ ಪೂರ್ತಿ ಕೇಳಿಸಿತು. "ಬಿಂದಿಗೆಯೊಳಗಿಂದ ಕರ್‍ದಂಗೆ ಐತೆ, ಆದ್ರೂ ನಮ್ಮವ್ವನೇ" ಎಂದು ಅತ್ತೆ ನಗುತ್ತ ಹೇಳಿದರು. ಆದರೆ ಅದಾಗಿ ಎಷ್ಟೋ ದಿನ ಬೆಳಿಗ್ಗೆ ಅವರ ಬ್ರಷ್ಷು ಅವ್ವನ ಹಲ್ಲು ದಾಟಿ ಹಿಂದಕ್ಕೆ ಹೋಗಿ, ಖಾಲಿ ವಸಡಿನ ಮೇಲೆ ನಿಧಾನವಾಗಿ ಸುತ್ತುವುದನ್ನು ನಾನು ನೋಡಿದ್ದೇನೆ. ಚೊಂಬು ತುಂಬಿ ನೀರು ಹೊರಗೆ ಚೆಲ್ಲುತ್ತಿದ್ದರೂ ಅವರಿಗೆ ಗಮನವಿರುತ್ತಿರಲಿಲ್ಲ.

ನನ್ನ ಹಲ್ಲು ವಸಡಿನಿಂದ ಪೂರಾ ಮೇಲೆ ಬಂದದ್ದು ಮತ್ತೆರಡು ತಿಂಗಳಿಗೆ. ತಟ್ಟುವ ದಿನ ಅತ್ತೆ ನನ್ನ ಮುಂದೆಯೇ ಕೂತಿದ್ದರು, ನನ್ನ ಬಾಯನ್ನೇ ನೋಡುತ್ತ. ನಾನು ಕಣ್ಣು ಮುಚ್ಚಿ ತಟ್ಟಿದೆ. ತಲೆಬುರುಡೆಯ ಒಳಗಿಂದ, ನನ್ನ ಕಿವಿಗಿಂತಲೂ ಹತ್ತಿರದಿಂದ, ಅತ್ತೆಯ ದನಿ ಬಂತು. ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು, ನೊರೆ ತುಂಬಿಕೊಂಡು ಆಡಿದ ಮಾತು. ಮೈಯೆಲ್ಲ ಝುಮ್ಮೆಂದು ಕಣ್ಣೀರು ಧಾರೆಧಾರೆಯಾಗಿ ಇಳಿಯಿತು.

"ನಂದೇನಾ? ನಂದೇನಾ ಬಂದಿರೋದು? ಏನಂತೀನಿ?" ಎಂದು ಅತ್ತೆ ನನ್ನ ಭುಜ ಅಲ್ಲಾಡಿಸಿದರು.

"ನಿಮ್ಮದೇ ಅತ್ತೆ. 'ತಣ್ಣಗಿರು ಮಗಳೇ, ನಿನ್ನ ಬಾಳು ಹಸನಾಗಲಿ' ಅಂತಿದ್ದೀರಿ" ಎಂದೆ.

ಅತ್ತೆ ನಮ್ಮ ಬೀದಿಯ ಒಂದು ಮನೆಯನ್ನೂ ಬಿಡದೆ ಅದನ್ನು ಹೇಳಿಕೊಂಡು ಬಂದರು. ಅತ್ತೆಯೊಬ್ಬಳು ಸೊಸೆಯ ಹಲ್ಲಿಗೆ ಇಂಥ ಮಾತು ಇಟ್ಟದ್ದು ಊರಲ್ಲೇ ಮೊದಲು ಎಂದು ದೇವೀರಮ್ಮ ಒಪ್ಪಿಕೊಂಡರು. ಪೋಸ್ಟ್ ಮಾಸ್ತರರು ಒಂದು ಸಂಜೆ ಬಂದು, ಯಾರಿಗೂ ಕೇಳಿಸದ ಹಾಗೆ, ಮೇಣದ ದಾರ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ನಾನು ಅಪ್ಪನ ಉಂಡೆಯಿಂದ ಒಂದು ಮಾರು ಕೊಟ್ಟೆ. ಆ ಉಂಡೆ ಮುಗಿದ ಮೇಲೆ ನಾನೇ ದಾರಕ್ಕೆ ಮೇಣ ಸವರತೊಡಗಿದೆ. ಈಗ ಊರಿನ ಬಹುಪಾಲು ಹಿತ್ತಲುಗಳಲ್ಲಿ ಅದು ತೂಗುತ್ತದೆ.

ಅತ್ತೆ ಎಪ್ಪತ್ತೆಂಟು ವರ್ಷ ಬದುಕಿದರು. ಹೋಗುವ ದಿನ ಬೆಳಿಗ್ಗೆಯೂ ನಾನು ಬಟ್ಟೆಯಲ್ಲಿ ಅವರ ಹಲ್ಲೊರೆಸಿ, ಬಾಯಿ ಮುಕ್ಕಳಿಸಲು ಎರಡು ಗುಟುಕು ನೀರು ಕೊಟ್ಟೆ. ಬೆಳ್ಳಿ ಕೂತ ಹಲ್ಲು ಅಲುಗದೆ ಇತ್ತು. ಅವರ ಬೆರಳಿಗೆ ಶಕ್ತಿ ಇರಲಿಲ್ಲ, ನಾನೇ ಉಗುರಿನಿಂದ ತಟ್ಟಿದೆ. ನನಗೇನೂ ಕೇಳಿಸಲಿಲ್ಲ. ಅವರು ಮಾತ್ರ "ಬಂದೆ ಕಣವ್ವ" ಅಂದರು.

ಈಗ ನನಗೂ ಅರವತ್ತೈದಾಯಿತು. ಬಾಯಲ್ಲಿ ಇಪ್ಪತ್ತಾರು ಹಲ್ಲು ಉಳಿದಿವೆ, ಮಾತಾಡುವುದು ಒಂದೇ. ಬೆಳಿಗ್ಗೆ ಅದೇ ಕಲ್ಲಿನ ಮೇಲೆ ಕೂತು, ನಲ್ಲಿಗೆ ಚೊಂಬು ಹಿಡಿದು, ಮುಂದಿನಿಂದ ಶುರುಮಾಡಿ ಒಂದೊಂದನ್ನೂ ಉಜ್ಜುತ್ತ ಹೋಗುತ್ತೇನೆ. ಮೂಕ ಹಲ್ಲುಗಳಿಗೂ ಅಷ್ಟೇ ಹೊತ್ತು. ಹಲ್ಲುಗಳ ವಿಷಯದಲ್ಲಿ ನಾನು ಆಡಿದ ಸುಳ್ಳು ಒಂದೇ, ಅದನ್ನು ನಮ್ಮತ್ತೆ ಸಂತೋಷವಾಗಿ ಜೊತೆಗೆ ಕೊಂಡುಹೋದರು. ಅಷ್ಟು ಕಷ್ಟಪಟ್ಟು ಬಾಯಿಪಾಠ ಮಾಡಿದ್ದ ಆ ಹಾರೈಕೆಯನ್ನು ನನ್ನ ಹಲ್ಲು ಮೂಸಿಯೂ ನೋಡಿರಲಿಲ್ಲ. ಕಟ್ಟಕಡೆಯ ಹಲ್ಲಿಗೆ ಬ್ರಷ್ಷು ತಾಕುತ್ತಲೇ, ಬಾಯಿ ತುಂಬ ನೊರೆ ತುಂಬಿಕೊಂಡು ಅವರು ಗದರುತ್ತಾರೆ: "ಮೆತ್ತಗೆ ಕಣೆ! ಹಿಂದಲ ಹಲ್ಲು ಮರೀಬ್ಯಾಡ."

ಮರೆಯಲು ಬಿಟ್ಟರೆ ತಾನೆ.